ಸಾರಿಗೆ ಸಂಪರ್ಕ ಕೇಂದ್ರಗಳಲ್ಲಿ ಪ್ರಯಾಣಿಕರ ಸುರಕ್ಷತೆ ಹಾಗೂ ದೂರು ದಾಖಲಿಸುವ ವಿಧಾನ

ಒಂದು ವಾಹನದಿಂದ ಇಳಿದು ಮತ್ತೊಂದಕ್ಕೆ ಹತ್ತುವ ಸ್ಥಳವನ್ನು ಸಾರಿಗೆ ಸಂಪರ್ಕ ಕೇಂದ್ರವೆಂದು ಕರೆಯಲಾಗುತ್ತದೆ. ರಾಜ್ಯದಲ್ಲಿ ಇದಕ್ಕೆ ಪ್ರಮುಖ ನಿದರ್ಶನವೆಂದರೆ ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶ. ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ ಅದರ ಎದುರಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣವೂ ಇರುತ್ತವೆ. ನೆಲದಡಿಯ ಮೆಟ್ರೋ ನಿಲ್ದಾಣವು 2016ರಲ್ಲಿ ನೇರಳೆ ಮಾರ್ಗಕ್ಕೂ 2017ರಲ್ಲಿ ಹಸಿರು ಮಾರ್ಗಕ್ಕೂ ತೆರೆಯಲ್ಪಟ್ಟಿತು.

ಪ್ರಯಾಣಿಕರಿಗೆ, ವಿಶೇಷವಾಗಿ ಒಂಟಿಯಾಗಿ ಸಂಚರಿಸುವ ಮಹಿಳೆಯರಿಗೆ, ಭಯ ಉಂಟಾಗುವುದು ನಿಲ್ದಾಣದ ಒಳಗಿಗಿಂತ ಹೆಚ್ಚಾಗಿ ನಿಲ್ದಾಣಗಳ ನಡುವಿನ ಹಾದಿಯಲ್ಲಿ. ಮೆಟ್ರೋ ಸಂಚಾರ ಪ್ರಾರಂಭವಾಗುವ ಮೊದಲೇ ದೂರದ ಊರುಗಳಿಂದ ಬಂದಿಳಿಯುವವರು ಪಾದಚಾರಿ ಸುರಂಗ, ರಸ್ತೆಬದಿ ಹಾಗೂ ಆಟೋ ನಿಲುಗಡೆಗಳನ್ನು ಕತ್ತಲಲ್ಲಿಯೇ ದಾಟಬೇಕಾಗುತ್ತದೆ. ದೀಪ, ಜನಸಂಚಾರ ಮತ್ತು ಸಮವಸ್ತ್ರದ ಸಿಬ್ಬಂದಿ ಕಣ್ಣಿಗೆ ಬೀಳುವಲ್ಲಿ ಧೈರ್ಯವಿರುತ್ತದೆ. ಕ್ಯಾಮೆರಾ ಒಂದರಿಂದಲೇ ಅದು ಬರುವುದಿಲ್ಲ.

ಇದಕ್ಕೆ ಆಡಳಿತಾತ್ಮಕ ಕಾರಣವೂ ಉಂಟು. ರೈಲು ನಿಲ್ದಾಣದ ಆವರಣದಲ್ಲಿ ನಡೆದ ಅಪರಾಧವು ರೈಲ್ವೆ ಪೊಲೀಸರಿಗೂ, ಹೊರಗಿನ ರಸ್ತೆಯಲ್ಲಿ ನಡೆದದ್ದು ನಗರ ಪೊಲೀಸರಿಗೂ ಸಂಬಂಧಿಸಿರುತ್ತದೆ. ಬಸ್ ನಿಲ್ದಾಣ ಹಾಗೂ ಮೆಟ್ರೋದಲ್ಲಿ ಆಯಾ ನಿಗಮಗಳ ಭದ್ರತಾ ವ್ಯವಸ್ಥೆಯೇ ಬೇರೆ. ಕೆಲವೇ ನೂರು ಹೆಜ್ಜೆಗಳಲ್ಲಿ ಸರಹದ್ದು ಬದಲಾಗುವುದು ಪ್ರಯಾಣಿಕರಿಗೆ ತಿಳಿಯುವುದಿಲ್ಲ, ತಿಳಿದಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಆದ್ದರಿಂದ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 173ನೇ ಪ್ರಕರಣವನ್ನು ಸಾರ್ವಜನಿಕರು ಅರಿತಿರುವುದು ಅವಶ್ಯ. ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಘಟನೆ ಯಾವ ಸರಹದ್ದಿನಲ್ಲಿ ನಡೆದಿದ್ದರೂ, ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದಾಗಿದೆ. ಇದನ್ನೇ ರೂಢಿಯಲ್ಲಿ ‘ಜೀರೋ ಎಫ್‌ಐಆರ್’ ಎನ್ನುತ್ತಾರೆ. ಮಾಹಿತಿಯನ್ನು ಬಾಯಿಮಾತಿನಲ್ಲಿಯೂ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದಲ್ಲಿ ಮೂರು ದಿನಗಳೊಳಗಾಗಿ ಸಹಿ ಮಾಡತಕ್ಕದ್ದು. ದಾಖಲಾದ ಮಾಹಿತಿಯ ಪ್ರತಿಯನ್ನು ಉಚಿತವಾಗಿ ನೀಡಲಾಗುತ್ತದೆ. ಠಾಣಾಧಿಕಾರಿಯು ದಾಖಲಿಸಲು ನಿರಾಕರಿಸಿದಲ್ಲಿ ಲಿಖಿತ ದೂರನ್ನು ಅಂಚೆಯ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು; ಅಲ್ಲಿಯೂ ಕ್ರಮ ಜರುಗದಿದ್ದಲ್ಲಿ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದಾಗಿದೆ.

ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ರೈಲಿನಲ್ಲಿ ಅಥವಾ ರೈಲು ನಿಲ್ದಾಣದಲ್ಲಿ 139, ಮಹಿಳೆಯರಿಗೆ 181, ಮಕ್ಕಳಿಗೆ ಸಂಬಂಧಿಸಿದಂತೆ 1098 ಸಂಖ್ಯೆಗಳು ಲಭ್ಯವಿರುತ್ತವೆ. ಕರೆ ಮಾಡುವಾಗ ಪ್ಲಾಟ್‌ಫಾರಂ ಸಂಖ್ಯೆ, ಸಮೀಪದ ದ್ವಾರ ಅಥವಾ ಅಂಗಡಿಯ ಹೆಸರು, ವಾಹನದ ನೋಂದಣಿ ಸಂಖ್ಯೆ ಇವುಗಳಲ್ಲಿ ಒಂದನ್ನಾದರೂ ತಿಳಿಸಿದಲ್ಲಿ ಸ್ಥಳವನ್ನು ಪತ್ತೆ ಹಚ್ಚುವುದು ಸುಲಭ. ‘ಮೆಜೆಸ್ಟಿಕ್‌ನಲ್ಲಿದ್ದೇನೆ’ ಎಂದಷ್ಟೇ ಹೇಳಿದರೆ ಸಾಲದು.

ಟಿಕೆಟನ್ನು ದೂರು ದಾಖಲಾಗುವವರೆಗೆ ಕಾಯ್ದಿರಿಸಿಕೊಳ್ಳತಕ್ಕದ್ದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ನೀಡುವ ಶೂನ್ಯ ದರದ ಟಿಕೆಟಿಗೂ ಇದು ಅನ್ವಯಿಸುತ್ತದೆ. ಹಣ ತೆತ್ತಿಲ್ಲವೆಂದು ಅನೇಕರು ಅದನ್ನು ಇಳಿದ ಕೂಡಲೇ ಎಸೆಯುವುದುಂಟು. ಕ್ಯಾಮೆರಾ ದೃಶ್ಯಾವಳಿಗಳು ಸೀಮಿತ ಅವಧಿಯ ನಂತರ ಅಳಿಸಿಹೋಗುವುದರಿಂದ, ಅವುಗಳನ್ನು ಕಾಯ್ದಿರಿಸುವಂತೆ ದೂರಿನಲ್ಲಿಯೇ ದಿನಾಂಕ ಮತ್ತು ವೇಳೆ ಸಹಿತ ಕೋರತಕ್ಕದ್ದು.