ಊರ ಗಡಿಯಾರಕ್ಕೆ ಚಂದಾ ಎತ್ತುವ ಮುನ್ನ

ಊರ ನಡುವೆ ಮುಳ್ಳು ನಿಂತ ಹಳೆಯ ಗಡಿಯಾರವಿದ್ದರೆ, ನಾಲ್ಕು ಜನ ಸೇರಿದಾಗ ಅದರ ಮಾತು ಬಂದೇ ಬರುತ್ತದೆ. ಚಂದಾ ಎತ್ತಿ ಸರಿಮಾಡಿಸೋಣ ಎನ್ನುವುದು ಸುಲಭ. ಸರಿಯಾದ ಗಡಿಯಾರ ಮರುವರ್ಷವೂ ನಡೆಯುತ್ತಿರಬೇಕೆಂದರೆ ಲೆಕ್ಕ ಬೇರೆ. ಗಡಿಭಾಗದ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಸದಸ್ಯರಿಗೆ ಉಪಯೋಗವಾಗಲೆಂದು ಕೆಲವು ಮಾಹಿತಿಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ.

ಜನರು ಹಣ ಕೂಡಿಸಿ ಗಡಿಯಾರ ನಿಲ್ಲಿಸುವುದು ಹೊಸದಲ್ಲ. ಮೈಸೂರಿನ ದೊಡ್ಡ ಗಡಿಯಾರವನ್ನು 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ ಅರಮನೆಯ ನೌಕರರೇ ವಂತಿಗೆ ಹಾಕಿ ಕಟ್ಟಿಸಿದರು. ಎತ್ತರ 75 ಅಡಿ. ಅದರ ಅಂಕಿಗಳು ಕನ್ನಡದವು. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಕಥೆ ಬೇರೆ. ಅದಕ್ಕೆ ವ್ಯಾಪಾರಿ ಪ್ರೇಮಚಂದ್ ರಾಯಚಂದರು ಹಣ ಕೊಟ್ಟು ತಮ್ಮ ತಾಯಿಯ ಹೆಸರಿಡಿಸಿದರು. 2015ರಲ್ಲಿ ಮುಗಿದ ಅದರ ಜೀರ್ಣೋದ್ಧಾರಕ್ಕೂ ದೊಡ್ಡ ಕಂಪನಿಯೊಂದರ ನೆರವು ದೊರಕಿತು. ನಮ್ಮ ಊರುಗಳಿಗೆ ಪ್ರೇಮಚಂದರು ಸಿಗುವುದು ಕಷ್ಟ. ಅರಮನೆ ನೌಕರರ ದಾರಿಯೇ ನಮಗೂ ದಾರಿ.

ಮೊದಲು ಗಡಿಯಾರ ಯಾರದು ಎಂದು ತಿಳಿಯಬೇಕು. ಗೋಪುರ ಪಂಚಾಯಿತಿಯದೋ ಪುರಸಭೆಯದೋ ದೇವಸ್ಥಾನ, ಇಗರ್ಜಿ, ಶಾಲೆಯದೋ ಆಗಿರುತ್ತದೆ. ಅವರ ಒಪ್ಪಿಗೆ ಕಾಗದದಲ್ಲಿ ಬರುವ ತನಕ ಒಂದು ರೂಪಾಯಿಯನ್ನೂ ವಸೂಲಿ ಮಾಡಬಾರದು. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನವೇ ಮುಗಿಯುತ್ತದೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವೊಂದು ಹತ್ತಿರದಲ್ಲಿದ್ದರೆ ಪುರಾತತ್ವ ಇಲಾಖೆಯನ್ನೂ ಕೇಳಿ. ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಕಟ್ಟಡದ ದುರಸ್ತಿಗೂ ಅನುಮತಿ ಬೇಕು.

ಇನ್ನು ಯಂತ್ರದ ವಿಷಯ. ಹಳೆಯ ಗೋಪುರ ಗಡಿಯಾರಗಳಲ್ಲಿ ಹೆಚ್ಚಿನವು ತೂಕದಿಂದ ನಡೆಯುತ್ತವೆ. ತಂತಿ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕ ಮೆಲ್ಲಗೆ ಇಳಿಯುತ್ತಾ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಅವು ಒಂದೇ ಸಮನೆ ಓಡಿಬಿಡದಂತೆ ಲೋಲಕ ತಡೆತಡೆದು ಬಿಡುತ್ತದೆ. ಗಂಟೆ ಬಾರಿಸುವುದಕ್ಕೆ ಬೇರೆ ಚಕ್ರಗಳು, ಬೇರೆ ತೂಕ. ತೂಕ ತಳ ಮುಟ್ಟುವ ಮೊದಲು ಯಾರಾದರೂ ಮೆಟ್ಟಿಲು ಹತ್ತಿ ಕೀಲಿ ಕೊಟ್ಟು ಮೇಲೆತ್ತಬೇಕು. ಕೆಲವಕ್ಕೆ ದಿನವೂ, ಹಲವಕ್ಕೆ ವಾರಕ್ಕೊಮ್ಮೆ. ಸಮಯ ತಿದ್ದುವುದು ಲೋಲಕದಲ್ಲಿ. ಲಂಡನ್ನಿನ ಬಿಗ್ ಬೆನ್ ಗಡಿಯಾರದ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನು ಇಟ್ಟಿರುತ್ತಾರೆ. ಒಂದು ನಾಣ್ಯ ಹೆಚ್ಚಿಸಿದರೆ ಗಡಿಯಾರ ದಿನಕ್ಕೆ ಸುಮಾರು 0.4 ಸೆಕೆಂಡು ಮುಂದೆ ಹೋಗುತ್ತದೆ.

ಇಂಥ ಯಂತ್ರ ನಿಲ್ಲುವುದಕ್ಕೆ ದೊಡ್ಡ ಮುರಿತವೇ ಆಗಬೇಕಿಲ್ಲ. ಎಣ್ಣೆ ಒಣಗಿ ಜಿಡ್ಡಾಗುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ, ಹಗ್ಗ ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಮೊದಲು ಕೀಲಿ ಕೊಡುತ್ತಿದ್ದವರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ. ಆದ್ದರಿಂದ ಗೋಪುರದ ಗಾರೆ ಕೆಲಸ, ಯಂತ್ರದ ಕೆಲಸ, ಮುಂದಿನ ನಿರ್ವಹಣೆ, ಈ ಮೂರಕ್ಕೂ ಬೇರೆ ಬೇರೆ ಅಂದಾಜು ಪಟ್ಟಿ ಮಾಡಿಸಿ. ಹಳೆಯ ಯಂತ್ರ ತೆಗೆದು ಕ್ವಾರ್ಟ್ಸ್ ಹಾಕಿದರೆ ಅಗ್ಗ ಎನ್ನುವವರು ಸಿಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಕೊನೆಯ ಉಪಾಯ. ಹತ್ತುವವರಿಲ್ಲದಿದ್ದರೆ ಹಳೆಯ ಯಂತ್ರಕ್ಕೇ ತೂಕ ಎತ್ತುವ ವಿದ್ಯುತ್ ಮೋಟಾರು ಜೋಡಿಸಬಹುದು.

ನಿರ್ವಹಣೆಯ ಹಣ ಎಷ್ಟು? ಕೀಲಿ ಕೊಟ್ಟು ಎಣ್ಣೆ ಹಾಕುವವರಿಗೆ ತಿಂಗಳಿಗೆ 1,500 ರೂಪಾಯಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 18,000. ಶೇಕಡಾ 6ರ ಬಡ್ಡಿಯಲ್ಲಿ ಅಷ್ಟು ಬರಬೇಕಾದರೆ 3 ಲಕ್ಷ ಠೇವಣಿ ಬೇಕು. ದುರಸ್ತಿಗೆಂದು ಕೇಳುವಾಗಲೇ ಇದನ್ನೂ ಸೇರಿಸಿ ಕೇಳಬೇಕು, ಏಕೆಂದರೆ ಗಡಿಯಾರ ನಡೆಯತೊಡಗಿದ ಮೇಲೆ ಯಾರೂ ಕೊಡುವುದಿಲ್ಲ. ಈ ಹಣ ಮೂಲನಿಧಿಗೆ ಎಂದು ದಾನಿಗಳಿಂದಲೇ ಬರೆಸಿಕೊಂಡು ಬ್ಯಾಂಕಿನ ಠೇವಣಿಯಲ್ಲಿಡಿ.

ಕಾನೂನು ರಾಜ್ಯರಾಜ್ಯಕ್ಕೆ ಬೇರೆ. ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ತಮಿಳುನಾಡಿನ 1975ರ ಸಂಘಗಳ ನೋಂದಣಿ ಕಾಯ್ದೆ. ಕಾಸರಗೋಡು, ವಯನಾಡಿನವರಿಗೆ ಹಳೆಯ 1860ರ ಕಾಯ್ದೆ. ಆದೋನಿ, ರಾಯದುರ್ಗ, ಮಡಕಶಿರಾದವರಿಗೆ 2001ರ ಆಂಧ್ರ ಕಾಯ್ದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರು 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಂತೆ ಧರ್ಮಾದಾಯ ಆಯುಕ್ತರ ಕಚೇರಿಗೂ ಉತ್ತರ ಹೇಳಬೇಕಾಗುತ್ತದೆ. ಹೊರಗೆ ಹೊರಡುವ ಮೊದಲು ಅಲ್ಲಿ ವಿಚಾರಿಸಿಕೊಳ್ಳಿ.

ಆದಾಯ ತೆರಿಗೆಯ 80ಜಿ ಅನುಮೋದನೆ ಇರುವ ಸಂಘವಾದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗೂ ಸಿಗದು. ಇದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ಪರದೇಶದಲ್ಲಿರುವ ಮಕ್ಕಳು ಕಳಿಸುವ ಹಣದಲ್ಲಿ ವಿಶೇಷ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ತೊಡಕಿಲ್ಲ. ಅಲ್ಲಿಯ ಪೌರತ್ವ ಪಡೆದವರ ಹಣ, ಅವರಿಗೆ ಓ.ಸಿ.ಐ. ಕಾರ್ಡು ಇದ್ದರೂ, ವಿದೇಶಿ ದೇಣಿಗೆ. 2010ರ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ.

ಮನವಿಪತ್ರವನ್ನು ಕನ್ನಡದ ಜೊತೆಗೆ ಆ ಊರಿನ ರಾಜ್ಯಭಾಷೆಯಲ್ಲೂ ಅಚ್ಚು ಹಾಕಿಸಿ. ಮಲಯಾಳ, ತಮಿಳು, ಮರಾಠಿ, ತೆಲುಗು ಮನೆಮಾತಿನ ನೆರೆಯವರೂ ಅದೇ ಗಡಿಯಾರ ನೋಡಿ ಬಸ್ಸು ಹಿಡಿದವರು. ಸಮಿತಿಯಲ್ಲಿ ಅವರಿಗೂ ಕುರ್ಚಿ ಇರಲಿ. ಮೈಸೂರಿನಂತೆ ನಮ್ಮದಕ್ಕೂ ಕನ್ನಡ ಅಂಕಿ ಹಾಕಿಸೋಣ ಎಂದು ಯಾರಾದರೂ ಹುರುಪಿನಲ್ಲಿ ಹೇಳಿಯೇ ಹೇಳುತ್ತಾರೆ. ಅದು ಬೇಡ. ಮೈಸೂರಿನದು ಹಾಗೆಯೇ ಹುಟ್ಟಿದ್ದು; ರೋಮನ್ ಅಂಕಿಯಿಂದ ಹುಟ್ಟಿದ್ದು ರೋಮನ್ ಅಂಕಿಯಲ್ಲೇ ಉಳಿಯಬೇಕು. ಅಂಕಿ ಬದಲಾದ ದಿನ ಅದು ಊರ ಗಡಿಯಾರ ಹೋಗಿ ಸಂಘದ ಗಡಿಯಾರವಾಗುತ್ತದೆ, ಜಗಳವೂ ಅಲ್ಲಿಂದಲೇ ಶುರು.

ಬ್ಯಾಂಕ್ ಖಾತೆ ಈ ಕೆಲಸಕ್ಕೇ ಪ್ರತ್ಯೇಕವಾಗಿರಲಿ, ಇಬ್ಬರ ಸಹಿ ಇರಲಿ. ಹತ್ತು ರೂಪಾಯಿ ಕೊಟ್ಟವರಿಗೂ ಕ್ರಮಸಂಖ್ಯೆಯ ರಸೀದಿ ಕೊಡಿ. ಕೆಟ್ಟ ರಸೀದಿಯನ್ನು ಹರಿಯದೆ ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಉಳಿಸಿ. ತಿಂಗಳಿಗೊಮ್ಮೆ ಜಮಾ ಖರ್ಚಿನ ಹಾಳೆಯನ್ನು ಗೋಪುರದ ಬಾಗಿಲಿಗೇ ಅಂಟಿಸಿ, ಕೊನೆಯ ಬಿಲ್ಲು ಪಾವತಿಯಾಗುವ ತನಕ.