ಕುಲುಮೆಯಿಂದ ಗ್ಯಾರೇಜಿಗೆ

ಒಂದು ಕಸಬು ಅಳಿಯತೊಡಗಿದಾಗ ಅದನ್ನೇ ನಂಬಿದವರ ಗತಿಯೇನು? ಅಮೆರಿಕಾ ಸಂಯುಕ್ತ ಸಂಸ್ಥಾನದ ಚಿಕ್ಕ ಊರುಗಳಲ್ಲಿ ಮೋಟಾರು ದುರಸ್ತಿಯ ಗ್ಯಾರೇಜುಗಳು ತಲೆಯೆತ್ತಿದ ವೃತ್ತಾಂತವು ಈ ಪ್ರಶ್ನೆಯ ಮೇಲೆ ಬೆಳಕನ್ನು ಬೀರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರುಗಳ ಓಡಾಟವೆಲ್ಲ ಕುದುರೆಯನ್ನು ಅವಲಂಬಿಸಿತ್ತು. ಲಾಳ ಹೊಡೆಯುವ ಕಮ್ಮಾರ, ಗಾಲಿ ಮಾಡುವ ಬಡಗಿ, ಕುದುರೆಗಳನ್ನು ಬಾಡಿಗೆಗೆ ಕೊಡುವ ಲಾಯದ ಯಜಮಾನ, ಇವರು ಊರಿಗೆ ಬೇಕಾದವರಾಗಿದ್ದರು. 1890ರ ದಶಕದಲ್ಲಿ ಬೈಸಿಕಲ್ಲಿನ ಬಳಕೆ ಹೆಚ್ಚಿ, ಅದರ ರಿಪೇರಿ ಅಂಗಡಿಗಳೂ ಹೆಚ್ಚಿದವು. 1893ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಪೆಟ್ರೋಲು ಗಾಡಿಯನ್ನು ಓಡಿಸಿ ತೋರಿಸಿದ ಡ್ಯೂರಿಯಾ ಸಹೋದರರು ಬೈಸಿಕಲ್ಲಿನ ಕಸಬಿನಲ್ಲಿ ಪಳಗಿದವರು.

ಮೊದಮೊದಲು ಮೋಟಾರು ಸಿರಿವಂತರ ಸೊತ್ತಾಗಿತ್ತು. 1908ರಲ್ಲಿ ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಹೊರಬಂದಾಗ ಅದರ ಬೆಲೆ ಸುಮಾರು 850 ಡಾಲರು. 1913ರಲ್ಲಿ ಚಲಿಸುವ ಜೋಡಣಾ ಸಾಲಿನ ಪದ್ಧತಿ ಬಂದ ಮೇಲೆ ಬೆಲೆ ಇಳಿಯುತ್ತ ಹೋಗಿ, 1925ರ ವೇಳೆಗೆ 300 ಡಾಲರಿಗೂ ಕಡಿಮೆಯಾಯಿತು. ರೈತನ ಮನೆಯ ಮುಂದೆಯೂ ಕಾರು ನಿಂತಿತು. 1927ರ ಹೊತ್ತಿಗೆ ಇಂತಹ ಒಂದೂವರೆ ಕೋಟಿ ಕಾರುಗಳು ತಯಾರಾಗಿದ್ದವು.

ಆದರೆ ಕೆಟ್ಟು ನಿಂತ ಕಾರನ್ನು ಸರಿಪಡಿಸುವವರು ಯಾರು? ಕಾರ್ಖಾನೆ ದೂರ, ಕುಲುಮೆ ಹತ್ತಿರ. ಮುರಿದ ಸ್ಪ್ರಿಂಗನ್ನು ಬೆಸೆಯಲು, ಬಾಗಿದ ಅಚ್ಚನ್ನು ನೇರಮಾಡಲು ಕಮ್ಮಾರನು ಬಲ್ಲವನಾಗಿದ್ದನು. ಕಾರ್ಬ್ಯುರೇಟರು, ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇವು ಮಾತ್ರ ಅವನಿಗೆ ಹೊಸವು. ಬಿಚ್ಚಿ ನೋಡಿ, ಮತ್ತೆ ಜೋಡಿಸಿಯೇ ಅವನು ಅವುಗಳ ಮರ್ಮವನ್ನು ತಿಳಿಯಬೇಕಾಯಿತು. ಹೀಗೆ ಎಷ್ಟೋ ಕುಲುಮೆಗಳೂ ಲಾಯಗಳೂ ಬೈಸಿಕಲ್ ಅಂಗಡಿಗಳೂ ಗ್ಯಾರೇಜುಗಳಾದವು. ಬಾಗಿಲಲ್ಲಿ ಪೆಟ್ರೋಲು ಪಂಪೂ ನಿಂತಿತು. ಹೊಸದನ್ನು ಒಲ್ಲದ ಕುಲುಮೆಗಳಲ್ಲಿ ಬೆಂಕಿ ಆರಿತು.

ಐಯೊವಾ ಪ್ರಾಂತದ ಓಲ್‌ವೈನ್ ಎಂಬ ಚಿಕ್ಕ ಊರಿನ ರೈಲ್ವೆ ಕಾರ್ಯಾಗಾರದಲ್ಲಿದ್ದ ವಾಲ್ಟರ್ ಕ್ರೈಸ್ಲರನು 1908ರಲ್ಲಿ ಸಾಲಮಾಡಿ 5,000 ಡಾಲರಿನ ಕಾರನ್ನು ಕೊಂಡನು. ಅದನ್ನು ಓಡಿಸುವ ಮೊದಲೇ ಮತ್ತೆ ಮತ್ತೆ ಬಿಚ್ಚಿ ಜೋಡಿಸಿ ಅಭ್ಯಾಸಮಾಡಿದನು. 1925ರಲ್ಲಿ ಅವನ ಹೆಸರಿನ ಕಾರು ಕಂಪನಿಯೇ ಸ್ಥಾಪಿತವಾಯಿತು.

ಗ್ಯಾರೇಜಿನವನ ಬಗೆಗೆ ಗಿರಾಕಿಗಳಿಗೆ ಶಂಕೆಯೂ ಇಲ್ಲದಿರಲಿಲ್ಲ. ಯಂತ್ರದೊಳಗೆ ನಡೆದ ಕೆಲಸ ಗಿರಾಕಿಯ ಕಣ್ಣಿಗೆ ಬೀಳದಷ್ಟೆ! ಆದಕಾರಣ 1920ರ ದಶಕದಲ್ಲಿ, ಇಂತಿಂತಹ ದುರಸ್ತಿಗೆ ಇಷ್ಟಿಷ್ಟೇ ದರವೆಂದು ಮೊದಲೇ ಗೊತ್ತುಪಡಿಸುವ ಪದ್ಧತಿ ಹರಡಿತು. ಇತ್ತ 1917ರ ಸ್ಮಿತ್-ಹ್ಯೂಸ್ ಶಾಸನವು ವೃತ್ತಿಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಧನಸಹಾಯವನ್ನು ಒದಗಿಸಿದ ಮೇಲೆ, ಮೋಟಾರು ದುರಸ್ತಿಯು ಪ್ರೌಢಶಾಲೆಗಳಲ್ಲಿ ಪಾಠವಾಗಿ ನೆಲೆಗೊಂಡಿತು. ಎಣ್ಣೆ ಮೆತ್ತಿದ ಕೈಗಳ ವಿದ್ಯೆಗೆ ಶಾಲೆಯ ಬಾಗಿಲು ತೆರೆಯಿತು.

ಕಸಬು ಅಳಿದರೂ ಕೈಯಲ್ಲಿ ನೆಲಸಿದ ವಿದ್ಯೆ ಒಮ್ಮೆಗೇ ಅಳಿಯದು; ಕಲಿಯುವ ಮನಸ್ಸಿದ್ದರೆ ಅದು ಹೊಸ ರೂಪವನ್ನು ತಳೆಯುತ್ತದೆ. ನಮ್ಮ ಮಕ್ಕಳಿಗೆ ಪುಸ್ತಕದ ಓದಿನೊಡನೆ ಕೈಕೆಲಸದ ಗೌರವವನ್ನೂ ನಾವು ಕಲಿಸಿದೆವಾದರೆ, ಯಾವ ಕಾಲದ ಬದಲಾವಣೆಗೂ ಅವರು ಅಂಜಬೇಕಾಗಿಲ್ಲ.