ಮನೆಯಿಂದ ಕೊಟ್ಟಿಗೆಗೆ ಬಂದ ಹಂಚು

ಮೇ ತಿಂಗಳು ಅರ್ಧ ಕಳೆಯಿತೆಂದರೆ ಕಾರವಾರ, ಅಂಕೋಲಾ ಕಡೆಯ ಹಳ್ಳಿಗಳಲ್ಲಿ ಮಾಡು ಹತ್ತಬಲ್ಲ ಆಳು ಸುಲಭಕ್ಕೆ ಸಿಗುವುದಿಲ್ಲ. ಮೊದಲು ಮನೆ, ಆಮೇಲೆ ಕೊಟ್ಟಿಗೆ, ಎಲ್ಲ ಮುಗಿದ ಮೇಲೆ ಕಾರು ನಿಲ್ಲಿಸುವ ಶೆಡ್ಡು. ಎಷ್ಟೋ ಮನೆಗಳಲ್ಲಿ ಆ ಶೆಡ್ಡು ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗವೇ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುವ ಈ ಕರಾವಳಿಯಲ್ಲಿ ಗಾಡಿಯ ನೆತ್ತಿಯನ್ನು ಕಡಿಮೆ ಖರ್ಚಿನಲ್ಲಿ ಮುಚ್ಚುವ ವಿದ್ಯೆಗೆ ದೊಡ್ಡ ಹಿನ್ನೆಲೆಯೇ ಇದೆ.

ಹಂಚು ಬರುವ ಮೊದಲು ಇದ್ದದ್ದು ಹುಲ್ಲು. ಬೇಣದಲ್ಲಿ ಬೆಳೆಯುವ ಕರಡ, ಗದ್ದೆಯ ಭತ್ತದ ಹುಲ್ಲು, ತೋಟವಿದ್ದವರಿಗೆ ಅಡಿಕೆ ಸೋಗೆ, ಸಮುದ್ರದ ದಂಡೆಯವರಿಗೆ ಹೆಣೆದ ತೆಂಗಿನ ಮಡಲು. ಅಂಕೋಲಾ ಸುತ್ತಲಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಮಣ್ಣಿನ ಗೋಡೆ, ಹುಲ್ಲಿನ ಮಾಡು ಬಹಳ ಕಾಲ ಉಳಿದವು. ಹುಲ್ಲಿಗೆ ದುಡ್ಡು ಬೇಕಿರಲಿಲ್ಲ, ಮೈ ಬೇಕಿತ್ತು. ಕೊಯ್ಯಬೇಕು, ಒಣಗಿಸಬೇಕು, ಹೊತ್ತು ತರಬೇಕು, ಹಳೆಯದನ್ನು ಕಿತ್ತು ಹೊಸದನ್ನು ಹೊದಿಸಬೇಕು. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಮತ್ತೆ ಅದೇ ಕೆಲಸ. ಈ ದಿನ ನಮ್ಮ ಮಾಡು, ನಾಳೆ ನಿಮ್ಮದು ಎಂದು ಮುಯ್ಯಾಳು ಹೋಗಿಯೇ ಊರು ಮಳೆಗಾಲಕ್ಕೆ ಸಿದ್ಧವಾಗುತ್ತಿತ್ತು. ಒಲೆಯ ಒಂದು ಕಿಡಿ ಹಾರಿದರೆ ಮಾತ್ರ ಅಷ್ಟೂ ದುಡಿಮೆ ಬೂದಿ.

ಕೈಯಲ್ಲಿ ಸ್ವಲ್ಪ ಇದ್ದವರು ಕುಂಬಾರರ ನಾಡಹಂಚು ಹಾಕಿಸಿದರು. ಕೊಳವೆಯನ್ನು ಉದ್ದಕ್ಕೆ ಸೀಳಿದಂತೆ ಕಾಣುವ ಹಂಚು ಅದು. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು. ಹಿಡಿದುಕೊಳ್ಳಲು ಆಸರೆ ಇಲ್ಲದ್ದರಿಂದ ಮಂಗ ಹಾದರೂ ಜಾರುತ್ತಿತ್ತು. ಹಾಗಾಗಿ ಪ್ರತಿ ಬೇಸಿಗೆಯಲ್ಲಿ ಮಾಡು ಪೂರ್ತಿ ಬಿಚ್ಚಿ, ಒಡೆದದ್ದನ್ನು ಆರಿಸಿ, ಉಳಿದದ್ದನ್ನು ಮತ್ತೆ ಜೋಡಿಸಬೇಕಿತ್ತು. ಹಂಚು ಕೈಯಾಡಿಸುವುದು ಎಂಬ ಮಾತು ಕರಾವಳಿ, ಮಲೆನಾಡಿನ ಬಾಯಲ್ಲಿ ಇಂದಿಗೂ ಇದೆ.

ಈ ಲೆಕ್ಕವನ್ನೆಲ್ಲ ಬದಲಿಸಿದ್ದು 1865. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಂಡೆಯ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಹೊಳೆ ಮತ್ತು ಕಡಲು ಮೂರೂ ಒಂದೇ ಕಡೆ ಸಿಕ್ಕಿದವು. ಹಂಚಿನ ಮೂಲ ಉಪಾಯ ಫ್ರಾನ್ಸಿನದು. ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೊನಿ ಸಹೋದರರು 1841ರಲ್ಲಿ ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುವ ಹಂಚಿಗೆ ಪೇಟೆಂಟ್ ಪಡೆದಿದ್ದರು. ಅದು ಮಂಗಳೂರಿನ ಮಣ್ಣಿನಲ್ಲಿ ಬೆಂದು, ಮಂಗಳೂರು ಹಂಚು ಎಂಬ ಹೆಸರಿನಲ್ಲೇ ಹಡಗು ಹತ್ತಿ ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾದವರೆಗೆ ಹೋಯಿತು.

ಕಾರವಾರಕ್ಕೆ ಇದು ಹೇಳಿ ಮಾಡಿಸಿದ ಹೊತ್ತು. ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ ಮೂರೇ ವರ್ಷವಾಗಿತ್ತು. 1862ರ ಆ ಬದಲಾವಣೆಯ ನಂತರ ಊರು ಜಿಲ್ಲಾ ಕೇಂದ್ರವಾಗಿ, ಬಂದರಾಗಿ ಬೆಳೆಯತೊಡಗಿತು. ಕಚೇರಿಗೆ, ಅಂಗಡಿಗೆ, ಅಧಿಕಾರಿಗಳ ಬಂಗಲೆಗೆ ಬೆಂಕಿಗೂ ಮಳೆಗೂ ಅಂಜದ ಮಾಡು ಬೇಕಾಗಿತ್ತು. ರೈಲು ಈ ಊರುಗಳಿಗೆ ಬಂದದ್ದು ಕೊಂಕಣ ರೈಲ್ವೆಯ ಜೊತೆ, 1990ರ ದಶಕದಲ್ಲಿ. ಹಂಚಿನಂಥ ಭಾರದ ಸರಕು ಅಲ್ಲಿಯವರೆಗೆ ಬರಬೇಕಾದದ್ದು ಮಚವೆ ದೋಣಿಯಲ್ಲಿ, ಆಮೇಲೆ ಲಾರಿಯಲ್ಲಿ.

ಹಳೆಯ ಹಂಚೊಂದನ್ನು ಮಗುಚಿ ನೋಡಬೇಕು. ತಳದಲ್ಲಿ ಎರಡು ಗುಬುಟುಗಳಿವೆ, ಅವು ರೀಪಿಗೆ ಸಿಕ್ಕಿಕೊಳ್ಳುತ್ತವೆ. ಗಾಳಿ ಜೋರಿರುವ ಕಡೆ ತಂತಿ ಕಟ್ಟಲು ಸಣ್ಣ ತೂತೂ ಇರುತ್ತದೆ. ಬಾಸೆಲ್ ಮಿಷನ್ನಿನ ಹಂಚಾದರೆ ಹೆಸರಿನ ಜೊತೆ 1865 ಎಂದು ಅಚ್ಚು. ಅದನ್ನು ಕಂಡು ತಮ್ಮ ಮನೆ ಅಷ್ಟು ಹಳೆಯದೆಂದು ಹಿಗ್ಗುವವರುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚಿನದಲ್ಲ. ಬೆರಳ ಗಂಟಿನಿಂದ ಬಡಿದರೆ ಚೆನ್ನಾಗಿ ಬೆಂದ ಹಂಚು ಕಂಚಿನ ಪಾತ್ರೆಯ ಹಾಗೆ ಟಣ್ಣೆನ್ನುತ್ತದೆ. ಬಿರುಕು ಬಿಟ್ಟದ್ದರ ದನಿ ಬೊದ್ದು. ಮಾಡಿನ ಮೇಲೆ ಕೂತ ಕೆಲಸಗಾರ ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುವುದು ಇದಕ್ಕೇ.

ಈ ಹಂಚಿನ ದೊಡ್ಡ ಗುಣ ಗಟ್ಟಿತನವಲ್ಲ. ಅದಕ್ಕೆ ಮೊಳೆಯಿಲ್ಲ, ಗಾರೆಯಿಲ್ಲ. ತೆಂಗಿನಕಾಯಿ ಬಿದ್ದು ಒಂದು ಒಡೆದರೆ ಅದೊಂದನ್ನೇ ಎತ್ತಿ ಬೇರೆ ಇಡಬಹುದು. ಮನೆಯೇ ಬೇಡವೆಂದರೆ ಮಾಡನ್ನು ಪೂರ್ತಿ ಇಳಿಸಿ ಇನ್ನೊಂದು ಕಟ್ಟಡಕ್ಕೆ ಏರಿಸಬಹುದು. ಮನೆಗೆ ತಾರಸಿ ಬಂದಾಗ ಇಳಿದ ಹಂಚು ಕೊಟ್ಟಿಗೆಗೆ, ಕೊಟ್ಟಿಗೆಯಲ್ಲಿ ಮಿಕ್ಕದ್ದು ಸೌದೆಮನೆಗೆ ಹೋಯಿತು. ಕರಾವಳಿಯ ಬಡ ಮಾಡುಗಳು ಬಹುಪಾಲು ಹೀಗೆ ಕೈ ಬದಲಿಸಿಕೊಂಡು ಬಂದವೇ.

ಆಮೇಲೆ ಬಂದದ್ದು ತಗಡು. ಅಲೆಯಲೆಯಾದ ಕಬ್ಬಿಣದ ತಗಡನ್ನು 1829ರಲ್ಲಿ ಲಂಡನ್ನಿನ ಹಡಗುಕಟ್ಟೆಗಾಗಿ ಹೆನ್ರಿ ಪಾಮರ್ ರೂಪಿಸಿದ. ಸತುವಿನ ಲೇಪ ಬಂದದ್ದು ಅದರ ನಂತರ. ಹಗುರ, ಅಗ್ಗ, ಒಂದೇ ದಿನದ ಕೆಲಸ. ಆದರೆ ಕಾರವಾರದ ಉಪ್ಪುಗಾಳಿ ಮೊಳೆ ಹೊಡೆದ ತೂತಿನಿಂದಲೇ ಅದನ್ನು ತಿನ್ನಲು ಶುರುಮಾಡುತ್ತದೆ. ಮೊಳೆಯನ್ನು ಅಲೆಯ ದಿಬ್ಬಕ್ಕೆ ಹೊಡೆಯದೆ ತಗ್ಗಿಗೆ ಹೊಡೆದರಂತೂ ಮೊದಲ ಮಳೆಗೇ ಸೋರಿಕೆ.

ಸಿಮೆಂಟ್ ಶೀಟು ತುಕ್ಕು ಹಿಡಿಯದು ಎಂದು ಜನ ಅದನ್ನು ನಂಬಿದರು. ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ 20ನೇ ಶತಮಾನದ ಹೊಸ್ತಿಲಲ್ಲಿ ಕಂಡುಹಿಡಿದ ಆ ಶೀಟಿನಲ್ಲಿ ಕಲ್ನಾರಿನ ಎಳೆಗಳಿವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಶೀಟು ತೆಗೆಯುವಾಗ ಒಡೆದು ಬೀಳಿಸುವುದು, ಒಣಗಿದ್ದಾಗಲೇ ಕೊಯ್ಯುವುದು ತೀರ ತಪ್ಪು. ನೀರು ಹೊಡೆದು, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು. ಉಳಿಸಿದ ಕೂಲಿಗಿಂತ ಕೆಲಸದವನ ಶ್ವಾಸಕೋಶ ದೊಡ್ಡದು.

ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಶೆಡ್ಡಿಗೆ ಇಳಿಜಾರು ಸೇರಿ ಸುಮಾರು 250 ಚದರ ಅಡಿ ಮಾಡು. ನೂರು ಚದರ ಅಡಿಗೆ 150ರ ಲೆಕ್ಕ ಹಿಡಿದರೆ 375 ಹಂಚು, ಒಂದೊಂದು ಎರಡರಿಂದ ಎರಡೂವರೆ ಕಿಲೊ. ಒಟ್ಟು ಭಾರ ಒಂದು ಟನ್ನಿಗೆ ಹತ್ತಿರ. ಹಂಚು ಹಳೆಯದು ಸಿಕ್ಕೀತು, ಈ ಭಾರ ಹೊರುವ ಪಕಾಸು, ರೀಪಿನ ಮರ ಈಗ ಅಗ್ಗಕ್ಕೆ ಸಿಗದು. ಆದ್ದರಿಂದ ಕಬ್ಬಿಣದ ಪೈಪಿನ ಚೌಕಟ್ಟು ಕಟ್ಟಿಸಿ, ಮೇಲೆ ಅಜ್ಜನ ಕಾಲದ ಹಂಚನ್ನೇ ಕೂರಿಸುವ ಪದ್ಧತಿ ಬಂದಿದೆ. ಸೋರಿಕೆಗೆ ಎಷ್ಟೋ ಸಲ ಅಷ್ಟೂ ಬೇಕಿಲ್ಲ. ಗೆದ್ದಲು ತಿಂದು ಬಗ್ಗಿದ ನಾಲ್ಕು ರೀಪು ಬದಲಿಸಿ, ಕಾಲುವೆಯಲ್ಲಿ ಕೂತ ಹಾವಸೆ, ತರಗೆಲೆ ಕೆರೆದು ತೆಗೆದರೆ ನೀರು ತನ್ನ ದಾರಿ ಹಿಡಿಯುತ್ತದೆ.

ಒಡೆದದ್ದರ ಬದಲಿಗೆಂದೇ ಈ ಭಾಗದ ಹಿತ್ತಿಲುಗಳಲ್ಲಿ ಹಲಸಿನ ಮರದ ಬುಡಕ್ಕೋ ಬಾವಿಕಟ್ಟೆಯ ಹಿಂದಕ್ಕೋ ಒತ್ತಾಗಿ ನಿಲ್ಲಿಸಿಟ್ಟ ಹಂಚಿನ ಸಾಲೊಂದು ಕಾಣುತ್ತದೆ. ಪಾಚಿ ಹತ್ತಿ ಕಪ್ಪಾಗಿರುತ್ತವೆ, ಸಂದಿಯಲ್ಲಿ ಓತಿಕ್ಯಾತ ಮನೆ ಮಾಡಿರುತ್ತದೆ. ಮೇ ಕೊನೆಯಲ್ಲಿ ಮಾಡಿನ ಮೇಲಿಂದ ಇನ್ನೆರಡು ಕೊಡಿ ಎಂಬ ಕೂಗು ಬಂದಾಗ ಮನೆಯವರು ಆ ಸಾಲಿನಿಂದ ಒಂದೊಂದಾಗಿ ಎತ್ತಿ, ಬೆರಳಿನಿಂದ ಬಡಿದು ನೋಡಿ, ಏಣಿಯ ಮೇಲೆ ನಿಂತವನ ಕೈಗೆ ಕೊಡುತ್ತಾರೆ.